ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರಶ್ನೆಪತ್ರಿಕೆ ಕಷ್ಟವಾಗಿತ್ತು ಎಂದವನಿಗೆ ಹೇಳಿದ್ದೇನೆ. ಪುಸ್ತಕ ಸಿಗಲಿಲ್ಲ ಎಂದವಳಿಗೆ ಹೇಳಿದ್ದೇನೆ. ಹೇಳಿದವನಿಗೆ ಜಯ ಖಂಡಿತವಾಗಿರುವ ಗಾದೆ ಇದು. ಎದುರು ಮಾತಾಡಿದವನು ಅಷ್ಟರಿಂದಲೇ ಕುಣಿಯಲಾರದವನೆಂದು ಸಾಬೀತಾಗಿಬಿಡುತ್ತಾನೆ.

ಕೆಲವು ದಿನಗಳ ಹಿಂದೆ ಒಂದು ಸಂಜೆ ಇದೇ ಗಾದೆಯನ್ನು ಮಗಳ ಮೇಲೂ ಪ್ರಯೋಗಿಸಿದೆ. ಅವಳು ಒಂಬತ್ತನೆಯ ತರಗತಿಯವಳು. ಮೊಬೈಲಿನಲ್ಲಿ ಏನೋ ಆಡುತ್ತಿದ್ದಳು. ಚದುರಂಗದ ಹಾಸಿನಂತೆ ಅರವತ್ತನಾಲ್ಕು ಮನೆ. ಕೆಳಗೆ ಮೂರು ಮೂರಾಗಿ ಬಗೆಬಗೆಯ ಆಕಾರದ ಬಿಲ್ಲೆಗಳು ಬರುತ್ತವೆ. ಅವನ್ನು ತಿರುಗಿಸುವಂತಿಲ್ಲ, ಬಂದ ಹಾಗೆಯೇ ಇಡಬೇಕು. ಅಡ್ಡಕ್ಕೋ ಉದ್ದಕ್ಕೋ ಒಂದು ಸಾಲು ಪೂರ್ತಿ ತುಂಬಿದರೆ ಅದು ಅಳಿಸಿಹೋಗಿ ಜಾಗವಾಗುತ್ತದೆ. ಇಡಲು ಎಡೆಯಿಲ್ಲವಾದಾಗ ಆಟ ಮುಗಿಯಿತು. ಅವಳದು ಮುಗಿಯಿತು.

“ಬೇಕಾದ ಬಿಲ್ಲೆ ಬರಲೇ ಇಲ್ಲ, ಅಪ್ಪ” ಎಂದಳು. ನಾನು ಗಾದೆ ಹೇಳಿದೆ. ಅವಳು ತಲೆಯೆತ್ತದೆಯೇ ಕೇಳಿದಳು: “ನೆಲ ನಿಜವಾಗಿಯೂ ಡೊಂಕಾಗಿದ್ದರೆ?”

ನಾನು ಸುಮ್ಮನಾದೆ. ಆ ಪ್ರಶ್ನೆಯನ್ನು ನಾನೇ ಹನ್ನೆರಡನೆಯ ವಯಸ್ಸಿನಲ್ಲಿ ಕೇಳಬೇಕಾಗಿತ್ತು, ಕೇಳಿರಲಿಲ್ಲ.

ತೀರ್ಥಹಳ್ಳಿಯ ಕಡೆ ನನ್ನ ಸೋದರಮಾವನ ಮನೆ. ಬೇಸಗೆಯ ರಜೆಯೆಲ್ಲ ಅಲ್ಲಿಯೇ. ಒಂದು ವರ್ಷ ಮಾವ ಹಳೆಯ ಲಗ್ನಪತ್ರಿಕೆಗಳ ರಟ್ಟಿನಿಂದ ಐದು ಬಿಲ್ಲೆ ಕತ್ತರಿಸಿಕೊಟ್ಟರು. ಒಂದೊಂದರಲ್ಲೂ ನಾಲ್ಕು ನಾಲ್ಕು ಮನೆ. ಒಂದು ನೆಟ್ಟನೆಯ ಕೋಲು, ಒಂದು ಚೌಕ, ಒಂದು ಮಡಿಸಿದ ಮೊಣಕೈ, ಒಂದು ಮೆಟ್ಟಿಲು, ಇನ್ನೊಂದು, ಮೂರು ಮನೆಯ ಪಟ್ಟಿಯ ನಟ್ಟನಡುವೆ ಒಂದು ಮನೆ ಹೊರಚಾಚಿದ್ದು. ಅದಕ್ಕೆ ನಾವು ಮೂಗಿನ ಬಿಲ್ಲೆ ಎಂದು ಹೆಸರಿಟ್ಟೆವು. ನಾಲ್ಕು ಮನೆಗಳನ್ನು ಅಂಚಿಗೆ ಅಂಚು ಸೇರಿಸಿದರೆ ಆಗುವ ಆಕಾರಗಳು ಇವೈದೇ, ಆರನೆಯದಿಲ್ಲ. ಒಟ್ಟು ಇಪ್ಪತ್ತು ಮನೆ. “ಇವನ್ನು ಜೋಡಿಸಿ ಐದು ಉದ್ದ ನಾಲ್ಕು ಅಗಲದ ಹಾಸು ಮಾಡು. ತಲೆಯಿದ್ದವನಿಗೆ ಅರ್ಧ ಗಂಟೆಯ ಕೆಲಸ” ಎಂದರು ಮಾವ.

ನಾನು ಒಂದು ರಜೆಯನ್ನೇ ಕೊಟ್ಟೆ. ನಾಲ್ಕು ಬಿಲ್ಲೆ ಕೂರುತ್ತಿದ್ದವು, ಐದನೆಯದು ಕೂರುತ್ತಿರಲಿಲ್ಲ. ಉಳಿದ ಜಾಗ ನಾಲ್ಕು ಮನೆಯದೇ, ಕೈಯಲ್ಲಿರುವ ಬಿಲ್ಲೆಯೂ ನಾಲ್ಕು ಮನೆಯದೇ. ಆದರೆ ಆಕಾರ ಬೇರೆ. ರಟ್ಟಿನ ಮೂಲೆಗಳು ಸವೆದು ಮೆತ್ತಗಾದವು. ರಜೆ ಮುಗಿದು ಊರಿಗೆ ಬಸ್ಸು ಹತ್ತುವಾಗ ನನ್ನೊಳಗೆ ಒಂದು ತೀರ್ಮಾನ ಗಟ್ಟಿಯಾಗಿತ್ತು: ಲೆಕ್ಕ ನನ್ನ ಪಾಲಿನದಲ್ಲ. ಮುಂದೆ ಕನ್ನಡ ಎಂ.ಎ. ಮಾಡಿದೆ. ಅದಕ್ಕಾಗಿ ಒಂದು ದಿನವೂ ಮರುಗಿದವನಲ್ಲ. ಆದರೆ ಬಂದ ದಾರಿಯ ಮೊದಲ ತಿರುವಿನಲ್ಲಿ ಇದ್ದ ಕೈಮರ ಸರಿಯಾಗಿತ್ತೇ ಎಂಬುದು ಬೇರೆ ಮಾತು.

ಆ ಮಾತಿಗೆ ಬರುವ ಮುನ್ನ ಈ ಬಿಲ್ಲೆಗಳ ಚರಿತ್ರೆಯನ್ನು ಸ್ವಲ್ಪ ಹೇಳಬೇಕು.

ಇಂಗ್ಲೆಂಡಿನಲ್ಲಿ ಹೆನ್ರಿ ಡ್ಯೂಡ್ನಿ ಎಂಬ ಒಗಟುಗಾರನಿದ್ದ. ಆತ ೧೯೦೭ರಲ್ಲಿ ‘ದ ಕ್ಯಾಂಟರ್ಬರಿ ಪಜಲ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದ. ಅದರಲ್ಲಿ ಒಡೆದ ಚದುರಂಗದ ಹಾಸಿನ ಒಗಟೊಂದಿದೆ. ವಿಜೇತ ವಿಲಿಯಮ್ ದೊರೆಯ ಮಗ ಹೆನ್ರಿಯೂ ಫ್ರಾನ್ಸಿನ ರಾಜಕುಮಾರನೂ ಚದುರಂಗವಾಡುತ್ತ ಜಗಳಕ್ಕೆ ಬಿದ್ದರೆಂದೂ, ಸೋತವನು ಕಾಯಿಗಳನ್ನು ಮುಖಕ್ಕೆ ಎಸೆಯಲು ಗೆದ್ದವನು ಹಾಸನ್ನೇ ಎತ್ತಿ ಅವನ ತಲೆಗೆ ಅಪ್ಪಳಿಸಿದನೆಂದೂ ಒಂದು ಹಳೆಯ ಕಥೆ. ಡ್ಯೂಡ್ನಿ ಅದಕ್ಕೆ ತನ್ನ ಬಾಲವನ್ನು ಸೇರಿಸಿದ: ಹಾಸು ಹದಿಮೂರು ಚೂರಾಯಿತು, ಹನ್ನೆರಡು ಚೂರುಗಳಲ್ಲಿ ಐದೈದು ಮನೆ, ಒಂದರಲ್ಲಿ ನಾಲ್ಕು, ಮತ್ತೆ ಜೋಡಿಸಿಕೊಡಿ. ಸೋತವನು ಕೋಪಿಸಿಕೊಳ್ಳುವುದರಿಂದಲೇ ಈ ಆಟದ ಚರಿತ್ರೆ ಮೊದಲಾಗುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಡ್ಯೂಡ್ನಿಯದು ವಿನೋದ. ಅದನ್ನು ಶಾಸ್ತ್ರವಾಗಿಸಿದವನು ಸಾಲೊಮನ್ ಗೊಲೊಂಬ್. ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ೧೯೫೩ರಲ್ಲಿ ಅಲ್ಲಿನ ಗಣಿತ ಸಂಘದಲ್ಲಿ ಆತ ಒಂದು ಉಪನ್ಯಾಸ ಮಾಡಿ, ಮನೆಗೆ ಮನೆ ಅಂಟಿದ ಇಂಥ ಆಕಾರಗಳಿಗೆಲ್ಲ ‘ಪಾಲಿಯಾಮಿನೊ’ ಎಂದು ಹೆಸರಿಟ್ಟ. ಐದು ಮನೆಯವು ಪೆಂಟಾಮಿನೊ, ಅವು ಹನ್ನೆರಡು. ೧೯೫೭ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತನ್ನ ಅಂಕಣದಲ್ಲಿ ಇವನ್ನು ಪರಿಚಯಿಸಿದ ಮೇಲೆ ಲೋಕವೆಲ್ಲ ರಟ್ಟು ಕತ್ತರಿಸತೊಡಗಿತು.

ಈ ಹನ್ನೆರಡರಲ್ಲಿ ಒಟ್ಟು ಅರವತ್ತು ಮನೆ. ಆರು ಅಗಲ ಹತ್ತು ಉದ್ದದ ಹಾಸನ್ನು ಇವುಗಳಿಂದ ೨,೩೩೯ ಬಗೆಯಲ್ಲಿ ತುಂಬಬಹುದೆಂದು ೧೯೬೦ರಲ್ಲಿ ಗಣಕಯಂತ್ರದ ನೆರವಿನಿಂದ ಎಣಿಸಿದರು. ಅದೇ ಅರವತ್ತು ಮನೆಯನ್ನು ಮೂರು ಅಗಲ ಇಪ್ಪತ್ತು ಉದ್ದವಾಗಿ ಎಳೆದರೆ ತುಂಬುವ ಬಗೆ ಎರಡೇ ಎರಡು. ಬಿಲ್ಲೆ ಅವೇ, ಮನೆ ಅಷ್ಟೇ. ಅಂಗಳ ಕಿರಿದಾಯಿತು, ಅಷ್ಟೇ. ಮೊದಲ ಹಾಸಿನಲ್ಲಿ ಸೋತವನಿಗೆ ಮತ್ತೆ ಪ್ರಯತ್ನಿಸು ಎನ್ನಬಹುದು. ಎರಡನೆಯದರಲ್ಲಿ ಸೋತವನಿಗೆ ಹಾಗೆನ್ನುವ ಮುನ್ನ ಒಂದು ಲೋಟ ಕಾಫಿ ಕೊಡಬೇಕು.

ಗೊಲೊಂಬ್ ಇನ್ನೊಂದು ಪ್ರಶ್ನೆಯನ್ನೂ ಎತ್ತಿದ. ಅರವತ್ತನಾಲ್ಕು ಮನೆಯ ಹಾಸಿನಲ್ಲಿ ಎಷ್ಟು ಕಡಿಮೆ ಪೆಂಟಾಮಿನೊಗಳನ್ನಿಟ್ಟು ಉಳಿದ ಯಾವುದಕ್ಕೂ ಎಡೆಯಿಲ್ಲದಂತೆ ಮಾಡಬಹುದು? ಉತ್ತರ, ಐದು. ಐದು ಬಿಲ್ಲೆಯೆಂದರೆ ಇಪ್ಪತ್ತೈದು ಮನೆ. ಮೂವತ್ತೊಂಬತ್ತು ಮನೆ ಬರಿದಾಗಿಯೇ ಇವೆ. ಆದರೆ ಅಲ್ಲಲ್ಲಿ ಹರಿದು ಹಂಚಿಹೋಗಿರುವುದರಿಂದ ಇನ್ನೊಂದು ಬಿಲ್ಲೆಗೆ ಜಾಗವಿಲ್ಲ. ಮಗಳ ಮೊಬೈಲಿನ ಹಾಸನ್ನು ನೋಡಿದಾಗ ನನಗೆ ನೆನಪಾದದ್ದು ಇದೇ. ಅರ್ಧಕ್ಕೂ ಮಿಗಿಲಾಗಿ ಬಯಲು, ಆದರೂ ಆಟ ಮುಗಿದಿತ್ತು. ಇಂಥ ಆಟಗಳಲ್ಲಿ ಎಲ್ಲರೂ ಮಾಡುವ ಮೊದಲನೆಯ ತಪ್ಪು, ಬರಿದು ಎಷ್ಟಿದೆ ಎಂದು ನೋಡುವುದು. ನೋಡಬೇಕಾದದ್ದು ಬರಿದು ಹೇಗಿದೆ ಎಂದು. ಒಂಟಿ ಮನೆಗಳು ಹತ್ತಿದ್ದರೂ ಹತ್ತು ಮನೆಯ ಅಂಗಳವಾಗುವುದಿಲ್ಲ.

ಇನ್ನು ನನ್ನ ಐದು ಬಿಲ್ಲೆಗಳು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯೊಂದರಲ್ಲಿ ಗಾರ್ಡ್ನರನ ಅಂಕಣಗಳ ಸಂಕಲನ ಸಿಕ್ಕಿತು. ನಾನು ಹುಡುಕುತ್ತಿದ್ದದ್ದು ಒಂದು ನಿಘಂಟು. ಪಾಲಿಯಾಮಿನೊಗಳ ಅಧ್ಯಾಯ ತೆರೆದುಕೊಂಡಿತು. ಮಾವನ ರಟ್ಟಿನ ಬಿಲ್ಲೆಗಳು ಅಲ್ಲಿದ್ದವು. ರಸ್ತೆಯಲ್ಲಿ ನಿಂತೇ ಓದಿದೆ. ವಿಷಯ ಹೀಗಿದೆ. ಇಪ್ಪತ್ತು ಮನೆಯ ಹಾಸಿಗೆ ಚದುರಂಗದಂತೆ ಕಪ್ಪು ಬಿಳುಪು ಬಣ್ಣ ಹಚ್ಚಿ. ಹತ್ತು ಕಪ್ಪು, ಹತ್ತು ಬಿಳುಪು. ಕೋಲು ಎಲ್ಲಿ ಹೇಗೆ ಕೂತರೂ ಎರಡು ಕಪ್ಪು ಎರಡು ಬಿಳುಪನ್ನು ಮುಚ್ಚುತ್ತದೆ. ಚೌಕವೂ ಹಾಗೆಯೇ, ಮೊಣಕೈಯೂ, ಮೆಟ್ಟಿಲೂ. ಮೂಗಿನ ಬಿಲ್ಲೆ ಮಾತ್ರ ಒಂದು ಬಣ್ಣದ ಮೂರನ್ನೂ ಇನ್ನೊಂದರ ಒಂದನ್ನೂ ಮುಚ್ಚುತ್ತದೆ. ಒಟ್ಟು ಮಾಡಿದರೆ ಹನ್ನೊಂದು, ಒಂಬತ್ತು. ಹತ್ತು ಹತ್ತು ಎಂದಿಗೂ ಆಗದು. ಆ ಐದು ಬಿಲ್ಲೆಗಳಿಂದ ಆ ಹಾಸನ್ನು ಯಾರೂ ತುಂಬಿಲ್ಲ, ಮುಂದೆ ತುಂಬುವವರೂ ಹುಟ್ಟುವುದಿಲ್ಲ.

ನೆಲ ನಿಜವಾಗಿಯೂ ಡೊಂಕಾಗಿತ್ತು. ಕುಣಿಯಲಾರದವನೆಂದು ನಾನು ನನ್ನ ಮೇಲೆ ಹೊತ್ತುಕೊಂಡದ್ದು ನನ್ನ ತಪ್ಪೇ ಅಲ್ಲ. ಸಂತೋಷವೋ ಸಿಟ್ಟೋ ತಿಳಿಯದೆ, ಕೇಳಿದಷ್ಟು ಬೆಲೆ ಕೊಟ್ಟು ಪುಸ್ತಕವನ್ನು ತಂದೆ.

ಇಷ್ಟಕ್ಕೇ ನಿಲ್ಲಿಸಿದರೆ ಸೋತವರಿಗೆಲ್ಲ ಒಂದು ನೆಪ ಸಿಕ್ಕಿದಂತಾಗುತ್ತದೆ. ಚರಿತ್ರೆ ಅಲ್ಲಿಗೆ ನಿಲ್ಲುವುದಿಲ್ಲ.

೧೯೮೪ರಲ್ಲಿ ಮಾಸ್ಕೋದಲ್ಲಿ, ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ, ಅಲೆಕ್ಸಿ ಪಜಿತ್ನೋವ್ ಎಂಬ ಯುವಕ ಕೆಲಸದಲ್ಲಿದ್ದರು. ಪೆಂಟಾಮಿನೊ ಅವರಿಗೆ ಪ್ರಿಯವಾದ ಆಟ. ಅದನ್ನು ಯಂತ್ರದ ಮೇಲೆ ಆಡಿಸಬೇಕೆಂದು ಹೊರಟರು. ಅವರ ಬಳಿಯಿದ್ದ ‘ಎಲೆಕ್ಟ್ರೋನಿಕಾ ೬೦’ ಯಂತ್ರಕ್ಕೆ ಚಿತ್ರ ಬರೆಯಲು ಬಾರದು. ಅಕ್ಷರ ಮತ್ತು ಆವರಣ ಚಿಹ್ನೆಗಳು ಮಾತ್ರ. ಆವರಣ ಚಿಹ್ನೆಗಳನ್ನು ಜೋಡಿಸಿಯೇ ಬಿಲ್ಲೆ ಮಾಡಿದರು. ಹನ್ನೆರಡು ಪೆಂಟಾಮಿನೊ ಹೆಚ್ಚಾಯಿತೆಂದು ನಾಲ್ಕು ಮನೆಯವಕ್ಕೆ ಇಳಿದರು. ನನ್ನ ಮಾವನ ಐದು ಬಿಲ್ಲೆಗಳೇ. ಆದರೆ ಪರದೆಯ ಮೇಲೆ ಬಿಲ್ಲೆಯನ್ನು ತಿರುಗಿಸಬಹುದೇ ಹೊರತು ಮಗುಚಿಹಾಕಲಾಗದು, ಆದ್ದರಿಂದ ಎಡ ಮೆಟ್ಟಿಲು ಬಲ ಮೆಟ್ಟಿಲು, ಎಡ ಮೊಣಕೈ ಬಲ ಮೊಣಕೈ ಬೇರೆ ಬೇರೆಯಾಗಿ ಒಟ್ಟು ಏಳಾದವು. ಬಿಲ್ಲೆಗಳು ಮೇಲಿನಿಂದ ಒಂದೊಂದಾಗಿ ಬೀಳುತ್ತವೆ. ಹತ್ತು ಮನೆ ಅಗಲದ ಬಾವಿಯಲ್ಲಿ ಅವನ್ನು ಹೊಂದಿಸಬೇಕು. ಮೊದಲು ಆಡಿದಾಗ ಬಾವಿ ಕೆಲವೇ ಕ್ಷಣಗಳಲ್ಲಿ ತುಂಬಿ ಆಟ ಮುಗಿಯುತ್ತಿತ್ತಂತೆ. ತುಂಬಿದ ಸಾಲು ಮಾಯವಾಗಲಿ ಎಂದು ಅವರು ನಿಯಮ ಮಾಡಿದರು. ಟೆಟ್ರಿಸ್ ಹುಟ್ಟಿದ್ದು ಹಾಗೆ.

ಈ ಒಂದು ನಿಯಮದಿಂದ ಆಟದ ಸ್ವಭಾವವೇ ಬೇರೆಯಾಯಿತು. ಸರಿಯಾಗಿ ಇಟ್ಟದ್ದೆಲ್ಲ ಅಳಿಸಿಹೋಗುತ್ತದೆ. ತಪ್ಪಾಗಿ ಇಟ್ಟದ್ದು ಮಾತ್ರ ಉಳಿಯುತ್ತದೆ. ಪರದೆಯ ಮೇಲೆ ಕಾಣುವುದು ಆಟಗಾರನ ತಪ್ಪುಗಳ ರಾಶಿ. ಬಿಲ್ಲೆಯ ಕೆಳಗೆ ಒಂದು ತೂತು ಬಿಟ್ಟು ಅದರ ಮೇಲೆ ಇನ್ನೊಂದನ್ನು ಮುಚ್ಚಿದೆವೆನ್ನಿ. ಮುಚ್ಚಿದ ಸಾಲು ಕರಗುವವರೆಗೆ ಆ ತೂತಿಗೆ ಕೈ ಮುಟ್ಟದು. ಆಟ ಮುಗಿಯುವುದು ಹದಿನೈದು ಸಾಲಿನ ಮೇಲೆ, ಎಷ್ಟೋ ಹೊತ್ತಿನ ನಂತರ. ಆಗ ನಾವು ಕೊನೆಯ ಬಿಲ್ಲೆಯನ್ನು ಬೈಯುತ್ತೇವೆ. ಅದು ಪಾಪ, ಈಗ ತಾನೆ ಬಂದದ್ದು.

ಎರಡನೆಯ ಸಾಮಾನ್ಯ ತಪ್ಪು, ಒಂದು ಕೋಲಿಗಾಗಿ ಕಾಯುತ್ತ ಕೂರುವುದು. ಒಂದೇ ಸಲ ನಾಲ್ಕು ಸಾಲು ಕರಗಿಸಿದರೆ ಅಂಕ ಹೆಚ್ಚು. ಅದಕ್ಕೆ ನಿಂತ ಕೋಲೇ ಆಗಬೇಕು. ಅದಕ್ಕೆಂದು ಬಾವಿಯ ಅಂಚಿನಲ್ಲಿ ಆಳವಾದ ಕಂದರ ಬಿಟ್ಟು, ಉಳಿದ ಕಡೆ ಗೋಡೆ ಕಟ್ಟುತ್ತ ಹೋಗುವುದು. ಕೋಲು ಬಂದರೆ ಭಾಗ್ಯ. ಬಾರದಿದ್ದರೆ ಗೋಡೆ ಸೂರು ಮುಟ್ಟುತ್ತದೆ. ಬಲ್ಲವರು ಮೇಲ್ಮೈಯನ್ನು ಆದಷ್ಟು ಸಮನಾಗಿಟ್ಟು, ಯಾವ ಬಿಲ್ಲೆ ಬಂದರೂ ಒಂದು ಎಡೆ ಇರುವಂತೆ ನೋಡಿಕೊಳ್ಳುತ್ತಾರೆ.

ತೂತು ಮೊದಲು ಬಿದ್ದು ಪೆಟ್ಟು ಆಮೇಲೆ ತಾಗುವುದಕ್ಕೆ ಈ ಆಟದ ವ್ಯಾಪಾರದ ಕಥೆಯೇ ಉದಾಹರಣೆ. ಲಂಡನ್ನಿನ ರಾಬರ್ಟ್ ಸ್ಟೈನ್ ಎಂಬ ವ್ಯಾಪಾರಿ ೧೯೮೬ರಲ್ಲಿ ಹಂಗೆರಿಯಲ್ಲಿ ಟೆಟ್ರಿಸ್ ನೋಡಿ ಮಾಸ್ಕೋಗೆ ಟೆಲೆಕ್ಸ್ ಕಳಿಸಿದ. ಪಜಿತ್ನೋವ್ ಕೊಟ್ಟ ಸೌಜನ್ಯದ ಉತ್ತರವನ್ನೇ ಒಪ್ಪಿಗೆಯೆಂದು ತಿಳಿದು, ಕರಾರಿಗೆ ರುಜು ಬೀಳುವ ಮುನ್ನವೇ ಬ್ರಿಟನ್ ಅಮೆರಿಕಗಳ ಕಂಪನಿಗಳಿಗೆ ಹಕ್ಕು ಮಾರಿದ. ಅಡಿಯಲ್ಲಿ ತೂತು ಉಳಿಯಿತು, ಮೇಲೆ ಮಹಡಿಗಳೆದ್ದವು. ೧೯೮೯ರ ಫೆಬ್ರವರಿಯಲ್ಲಿ ಮಾಸ್ಕೋದ ಸರ್ಕಾರಿ ಸಂಸ್ಥೆ ಎಲೋರ್ಗ್‌ನ ಬಾಗಿಲಿಗೆ ಸ್ಟೈನ್, ಬ್ರಿಟಿಷ್ ಕಂಪನಿಯ ಪರವಾಗಿ ಕೆವಿನ್ ಮ್ಯಾಕ್ಸ್‌ವೆಲ್, ಜಪಾನಿನಿಂದ ಹೆಂಕ್ ರಾಜರ್ಸ್, ಮೂವರೂ ಹೆಚ್ಚುಕಡಿಮೆ ಒಂದೇ ವಾರ ಬಂದಿಳಿದರು. ಅಧಿಕಾರಿ ನಿಕೊಲಾಯ್ ಬೆಲಿಕೋವ್ ಸ್ಟೈನನ ಮುಂದೆ ತಿದ್ದಿದ ಕರಾರನ್ನಿಟ್ಟ. ಅದರಲ್ಲಿ ‘ಕಂಪ್ಯೂಟರ್’ ಎಂದರೇನು ಎಂಬ ವ್ಯಾಖ್ಯೆ ಸೇರಿತ್ತು: ಪರದೆ, ಡಿಸ್ಕ್, ಕೀಲಿಮಣೆ ಇತ್ಯಾದಿ ಇರುವ ಯಂತ್ರ. ಸ್ಟೈನನ ಕಣ್ಣು ಹಣದ ಕಲಮುಗಳ ಮೇಲಿತ್ತು. ರುಜು ಹಾಕಿದ. ಕೀಲಿಮಣೆಯಿಲ್ಲದ ಮನೆಯಾಟದ ಯಂತ್ರಗಳ ಹಕ್ಕು ಆ ಒಂದು ಸಾಲಿನ ಮೂಲಕ ಅವನ ಕೈಯಿಂದ ಜಾರಿ, ಮಾರ್ಚಿಯಲ್ಲಿ ನಿಂಟೆಂಡೊ ಕಂಪನಿಗೆ ಹೋಯಿತು. ಅಂಗೈಯಲ್ಲಿ ಹಿಡಿಯುವ ಗೇಮ್ ಬಾಯ್ ಯಂತ್ರದೊಡನೆ ಟೆಟ್ರಿಸ್ ಲೋಕ ಸುತ್ತಿತು.

ಸ್ಟೈನನ ನೆಲ ಡೊಂಕಾಗಿರಲಿಲ್ಲ. ಕಾಗದದಲ್ಲಿ ಎಲ್ಲವೂ ಅಚ್ಚಾಗಿತ್ತು. ಪಜಿತ್ನೋವರದು ಬೇರೆ. ಅಂದಿನ ವ್ಯವಸ್ಥೆಯಲ್ಲಿ ಹಕ್ಕು ಸರ್ಕಾರಕ್ಕೆ ಸಂದಿತ್ತು. ತಮ್ಮ ಆಟದ ಗೌರವಧನ ಅವರ ಕೈಗೆ ಬರತೊಡಗಿದ್ದು ೧೯೯೬ರಲ್ಲಿ. ಅವರು ಎಷ್ಟು ಜಾಣತನದಿಂದ ಬಿಲ್ಲೆ ಇಟ್ಟಿದ್ದರೂ ಅದಕ್ಕೆ ಮೊದಲು ಆ ಸಾಲು ತುಂಬುತ್ತಿರಲಿಲ್ಲ.

ಹಾಗಾದರೆ ಟೆಟ್ರಿಸ್ ಆಟದಲ್ಲಿ ತಪ್ಪೇ ಮಾಡದೆ ಆಡುವವನು ಎಂದೆಂದಿಗೂ ಆಡುತ್ತಲೇ ಇರಬಲ್ಲನೇ? ಇದನ್ನೂ ಗಣಿತಜ್ಞರು ಕೇಳಿದರು. ಕೆನಡದಲ್ಲಿ ಜಾನ್ ಬ್ರುಸ್ಟೊವ್‌ಸ್ಕಿ ೧೯೯೨ರಲ್ಲಿ ಇದನ್ನೇ ಪ್ರಬಂಧದ ವಿಷಯ ಮಾಡಿಕೊಂಡ. ೧೯೯೭ರಲ್ಲಿ ಹೈಡಿ ಬರ್ಗಿಯಲ್ ಎಂಬ ಗಣಿತಜ್ಞೆ ಅಚ್ಚುಕಟ್ಟಾಗಿ ತೋರಿಸಿಕೊಟ್ಟಳು: ಎಡ ಮೆಟ್ಟಿಲು, ಬಲ ಮೆಟ್ಟಿಲು, ಮತ್ತೆ ಎಡ, ಮತ್ತೆ ಬಲ ಎಂದು ಯಂತ್ರ ಕೊಡುತ್ತಲೇ ಹೋದರೆ, ಎಂಥ ಆಟಗಾರನೂ ೭೦,೦೦೦ ಬಿಲ್ಲೆಗಳೊಳಗೆ ಸೋಲಲೇಬೇಕು. ಬಿಲ್ಲೆಗಳು ಚೀಟಿ ಎತ್ತಿದಂತೆ ಬರುವುದಾದರೆ, ಮುಗಿವಿಲ್ಲದ ಕಾಲದಲ್ಲಿ ಅಂಥ ದುರ್ದೆಸೆಯೂ ಒಂದು ದಿನ ಬಂದೇ ತೀರುತ್ತದೆ. ೨೦೦೨ರಲ್ಲಿ ಅಮೆರಿಕದ ಎಂ.ಐ.ಟಿ.ಯ ಮೂವರು ಇನ್ನೊಂದನ್ನು ಸಾಧಿಸಿದರು: ಮುಂದೆ ಬರುವ ಬಿಲ್ಲೆಗಳೆಲ್ಲ ಮೊದಲೇ ಗೊತ್ತಿದ್ದರೂ ಎಲ್ಲಕ್ಕಿಂತ ಒಳ್ಳೆಯ ಜೋಡಣೆಯನ್ನು ಕಂಡುಹಿಡಿಯುವುದು, ಗಣಕಶಾಸ್ತ್ರದಲ್ಲಿ ಅತಿ ಕಠಿಣವೆಂದು ಹೆಸರಾದ ಸಮಸ್ಯೆಗಳ ಜಾತಿಗೆ ಸೇರಿದ್ದು. ಈಚಿನ ಟೆಟ್ರಿಸ್‌ಗಳಲ್ಲಿ ನೆಲವನ್ನೇ ಸಮ ಮಾಡಿದ್ದಾರೆ. ಏಳೂ ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ಕುಲುಕಿ ಒಂದೊಂದಾಗಿ ತೆಗೆದ ಹಾಗೆ ಕೊಡುತ್ತಾರೆ. ಏಳೂ ಮುಗಿದ ಮೇಲೆಯೇ ಮತ್ತೆ ಚೀಲ. ಒಂದು ಕೋಲಿಗೂ ಇನ್ನೊಂದಕ್ಕೂ ನಡುವೆ ಹೆಚ್ಚೆಂದರೆ ಹನ್ನೆರಡು ಬೇರೆ ಬಿಲ್ಲೆ.

ಹೀಗೆ ಕೆಲವು ಸೋಲು ನಮ್ಮದು, ಕೆಲವು ನೆಲದ್ದು. ಬೇರ್ಪಡಿಸುವುದು ಹೇಗೆ? ಕಷ್ಟವಾಗಿದೆ ಎಂಬ ಅನಿಸಿಕೆ ಸಾಲದು. ನಿಂಟೆಂಡೊ ೧೯೮೯ರಲ್ಲಿ ಮನೆಯ ಟೆಲಿವಿಷನ್ನಿಗಾಗಿ ತಂದ ಟೆಟ್ರಿಸ್‌ನಲ್ಲಿ ಇಪ್ಪತ್ತೊಂಬತ್ತನೆಯ ಹಂತಕ್ಕೆ ಬಂದಾಗ ಬಿಲ್ಲೆಗಳು ಎಷ್ಟು ವೇಗವಾಗಿ ಬೀಳುತ್ತವೆಂದರೆ ಅಂಚಿಗೆ ಸರಿಸುವಷ್ಟರಲ್ಲಿ ನೆಲ ಮುಟ್ಟಿರುತ್ತವೆ. ಅಲ್ಲಿಗೆ ಮನುಷ್ಯನ ಆಟ ಮುಗಿಯಿತೆಂದು ವರ್ಷಗಟ್ಟಲೆ ಎಲ್ಲರೂ ನಂಬಿದ್ದರು. ಆಮೇಲೆ ಕೆಲವರು ಗುಂಡಿಯನ್ನು ಒತ್ತುವ ಹೊಸ ಬಗೆಗಳನ್ನು ಕಂಡುಕೊಂಡರು. ೨೦೨೩ರ ಡಿಸೆಂಬರ್ ೨೧ರಂದು ಅಮೆರಿಕದ ಒಕ್ಲಹಾಮಾ ಸಂಸ್ಥಾನದ ಹದಿಮೂರು ವರ್ಷದ ಹುಡುಗನೊಬ್ಬ ೧೫೭ನೆಯ ಹಂತಕ್ಕೆ ಹೋಗಿ ಮುಟ್ಟಿದ. ಯಂತ್ರವೇ ಕಂಗೆಟ್ಟು ಸ್ತಬ್ಧವಾಯಿತು. ಅಲ್ಲಿ ನೆಲ ಡೊಂಕಾಗಿರಲಿಲ್ಲ. ಕುಣಿತವನ್ನು ಯಾರೂ ಇನ್ನೂ ಕಲಿತಿರಲಿಲ್ಲ.

ನನ್ನ ಇಪ್ಪತ್ತು ಮನೆಗೂ ಆ ಇಪ್ಪತ್ತೊಂಬತ್ತನೆಯ ಹಂತಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಂದಕ್ಕೆ ಲೆಕ್ಕವಿತ್ತು, ಇನ್ನೊಂದಕ್ಕೆ ಬರಿಯ ನಂಬಿಕೆಯಿತ್ತು. ಆಗದು ಎನ್ನುವವನು ಕಪ್ಪು ಬಿಳುಪು ಎಣಿಸಿ ತೋರಿಸಬೇಕು. ನೀನು ಮಾಡಬಹುದಿತ್ತು ಎಂದು ಬೈಯುವವನೂ ಮೊದಲು ಎಣಿಸಿ ನೋಡಿರಬೇಕು. ಮಾಸ್ತರಾದ ನಾನು ಈ ಎರಡನೆಯದನ್ನು ಮಾಡಿದ್ದು ತೀರ ಕಡಿಮೆ. ಪುಸ್ತಕ ಸಿಗಲಿಲ್ಲ ಎಂದ ಆ ಹುಡುಗಿಗೆ ಗಾದೆ ಹೇಳುವ ಮುನ್ನ ಗ್ರಂಥಾಲಯಕ್ಕೆ ಹೋಗಿ ಪ್ರತಿ ಎಷ್ಟಿವೆಯೆಂದು ನೋಡಬಹುದಿತ್ತು. ಕಳೆದ ವಾರ ಹೋಗಿ ನೋಡಿದೆ. ಅರವತ್ತು ಮಂದಿಯ ತರಗತಿಗೆ ಎರಡು ಪ್ರತಿ.

ಮಗಳೊಡನೆಯೂ ಕೂತು ನೋಡಿದೆ. ೨೦೧೪ರಲ್ಲಿ ಇಸ್ತಾನ್‌ಬುಲ್ಲಿನ ಕಂಪನಿಯೊಂದು ನೂರು ಮನೆಯ ಹಾಸಿನಲ್ಲಿ ತಂದ ‘೧೦೧೦!’ ಎಂಬ ಆಟದ ಬಳಗಕ್ಕೆ ಸೇರಿದ್ದು ಅವಳದು. ಬಿಲ್ಲೆ ಬೀಳುವುದಿಲ್ಲ, ಅವಸರವಿಲ್ಲ. ಆದ್ದರಿಂದ ಯೋಚಿಸಲಿಲ್ಲ ಎನ್ನಲು ನೆಪವಿಲ್ಲ. ಅವಳು ಮೊದಲ ಬಿಲ್ಲೆ ಕಂಡೊಡನೆ ಇಟ್ಟುಬಿಡುತ್ತಿದ್ದಳು. ಮೂರನ್ನೂ ನೋಡಿ, ಯಾವುದನ್ನು ಮೊದಲು ಇಟ್ಟರೆ ಸಾಲು ಕರಗಿ ಉಳಿದೆರಡಕ್ಕೆ ಜಾಗವಾದೀತು ಎಂದು ಯೋಚಿಸುತ್ತಿರಲಿಲ್ಲ. ಒಂಬತ್ತು ಮನೆಯ ದೊಡ್ಡ ಚೌಕ ಬಂದರೆ ಎಲ್ಲಿಡುವುದೆಂದು ಮೊದಲೇ ಎಡೆ ಕಾದಿಡುತ್ತಿರಲಿಲ್ಲ. ಇವೆರಡು ಅವಳವು. ಆಮೇಲೂ ಒಂದು ಸಲ ಮೂರು ಬಿಲ್ಲೆ ಬಂದವು. ಇಬ್ಬರೂ ಎಲ್ಲ ಕ್ರಮದಲ್ಲೂ ಇಟ್ಟು ನೋಡುವುದನ್ನು ಕಾಗದದ ಮೇಲೆ ಮಾಡಿದೆವು. ಯಾವ ಕ್ರಮದಲ್ಲೂ ಮೂರಕ್ಕೂ ಎಡೆಯಿರಲಿಲ್ಲ. “ಇದು ನೆಲದ್ದು” ಎಂದೆ. “ಇದು ಮಾತ್ರ” ಎಂದಳು ಅವಳು. ಆದರೆ ಹಾಸು ಅಷ್ಟು ಕಿಷ್ಕಿಂಧೆಯಾಗಲು ಬಿಟ್ಟವರು ಯಾರು ಎಂದು ನಾನು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಮಾವನಿಗೆ ಈಗ ಎಂಬತ್ತು ದಾಟಿದೆ. ಆ ಪುಸ್ತಕ ಕೊಂಡ ವರ್ಷವೇ ತೀರ್ಥಹಳ್ಳಿಗೆ ಹೋಗಿ, ಜಗಲಿಯ ಮೇಲೆ ಕೂತು, ಕಪ್ಪು ಬಿಳುಪಿನ ಲೆಕ್ಕವನ್ನೆಲ್ಲ ಅವರಿಗೆ ವಿವರಿಸಿದ್ದೆ. ಒಳಗೊಳಗೇ ಒಂದು ಜಗಳಕ್ಕೂ ಸಿದ್ಧನಾಗಿಯೇ ಹೋಗಿದ್ದೆ. ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದರು. ಹನ್ನೊಂದು, ಒಂಬತ್ತು ಎಂದು ಬೆರಳಲ್ಲಿ ಎಣಿಸಿದರು. ಆಮೇಲೆ ಹೇಳಿದರು:

“ಹೌದಾ ಮಾರಾಯ! ನನಗೂ ಕೂತಿರಲಿಲ್ಲ. ನನಗೆ ತಲೆಯಿಲ್ಲ, ನಿನಗಾದರೂ ಇದ್ದೀತು ಅಂತ ಕೊಟ್ಟಿದ್ದು.”